ಕಾಲು ಸುತ್ತು

ಅಕ್ಕ ಮೆಟ್ಟಿಲಿಳಿಯುತ್ತಿದ್ದಳು. ಫಿಟ್ಟರಮ್ಮ ಮೆಟ್ಟಿಲಿಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತು, ಹಾಲು ಕಾಯುವುದನ್ನೇ ನೋಡುತ್ತಿರುವವಳಂತೆ ನಟಿಸುತ್ತ, ಒಂದೊಂದು ಹೆಜ್ಜೆಯನ್ನೂ ಕಿವಿಯಿಂದ ಎಣಿಸುತ್ತಿದ್ದಳು. ಎಡ, ಬಲ, ಎಡ. ಎಡಗಾಲು ಮರದ ಮೇಲೆ ಊರಿದಾಗ ಗಟ್ಟಿ ಸದ್ದು. ಬಲಗಾಲಿನದೂ ಅದೇ ಸದ್ದು, ಆದರೆ ಅದರ ಬಾಲಕ್ಕೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಸದ್ದು, ಅಲುಗುವ ಹಲ್ಲನ್ನು ನಾಲಗೆ ಮುಟ್ಟಿದಷ್ಟು. ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಅವಳಿಗೆ ಕೇಳಿಸಿತು, ಯಾಕೆಂದರೆ ನಿನ್ನೆ ಸಂಜೆ ಅದನ್ನು ಅಲ್ಲಿ ಇಟ್ಟವಳು ಅವಳೇ. ಎಣ್ಣೆ ಹಾಕುವ ನೆಪದಲ್ಲಿ ಅಕ್ಕನ ಕಬ್ಬಿಣದ ಬಲಮೊಣಕಾಲಿನ ಮುಚ್ಚಳ ತೆಗೆದು, ಒಳಗೆ ಕೀಲನ್ನು ಹಿಡಿದಿಡುವ ತಡೆತಿರುಪನ್ನು ಕಾಲು ಸುತ್ತು ಸಡಿಲ ಮಾಡಿದ್ದಳು. ಕಾಲು ಸುತ್ತು, ಅಷ್ಟೇ. ನಡೆಯುವಾಗ ಬೀಳುವಷ್ಟಲ್ಲ. ಭಾರ ಹೊತ್ತು ಏಣಿ ಹತ್ತುವಾಗ ಮೊಣಕಾಲು ಒಂದು ಕ್ಷಣ ಮಾತು ಕೇಳದೆ ಹೋಗುವಷ್ಟು, ತಪಾಸಣೆಯ ಸಾಹೇಬರು ತಲೆಯಾಡಿಸಿ ಕಾಗದದ ಮೇಲೆ ಅನರ್ಹ ಎಂದು ಬರೆಯುವಷ್ಟು.

"ಹಾಲು ಉಕ್ಕಿತು ಕಣೇ ಪುಟ್ಟಿ," ಅಂದಳು ಅಕ್ಕ ಹಿಂದಿನಿಂದ.

ಹಾಲು ನಿಜವಾಗಿಯೂ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಫಿಟ್ಟರಮ್ಮ ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಐವತ್ತೊಂದು ವರ್ಷದವಳನ್ನು ಪುಟ್ಟಿ ಎಂದು ಕರೆಯುವವರು ಈಗ ಲೋಕದಲ್ಲಿ ಒಬ್ಬರೇ ಉಳಿದಿದ್ದರು. ಊರಿಗೆಲ್ಲ ಅವಳು ಫಿಟ್ಟರಮ್ಮ, ಕಬ್ಬಿಣದವರ ಕೈಕಾಲು ಕೂಡಿಸುವವಳು. ಮೈಯ ಒಂದು ಭಾಗವನ್ನು ಯಂತ್ರಕ್ಕೆ ಬಿಟ್ಟುಕೊಟ್ಟವರು ಕಬ್ಬಿಣದವರು. ಉಳಿದವರು ಬರೀ ಮೈಯವರು. ಊರು ನಿಂತಿದ್ದೇ ಒಂದು ಬಿರುಕಿನ ದಂಡೆಯ ಮೇಲೆ. ನೆಲ ಸೀಳಿಕೊಂಡ ಆ ಆಳಕ್ಕೆ ಬೇರೆ ಹೆಸರಿರಲಿಲ್ಲ. ಮನೆಯ ಹಿರಿಯರ ಹೆಸರು ಹಿಡಿಯದೆ 'ಅವರು' ಎನ್ನುವ ಹಾಗೆ ಎಲ್ಲರೂ ಬಿರುಕು ಎನ್ನುತ್ತಿದ್ದರು. ಅದರ ಮೊದಲ ತಿರುವಿನ ತನಕ ಬರೀ ಮೈಯವರೂ ಹೋಗಿ ಬರಬಹುದಿತ್ತು. ಅಲ್ಲಿಂದ ಕೆಳಗೆ ಗಾಳಿ ಬೆರಳನ್ನು ಹಗ್ಗಕ್ಕೇ ಹೆಪ್ಪುಗಟ್ಟಿಸುತ್ತಿತ್ತು. ಆ ಆಳದಲ್ಲಿ, ಬಂಡೆಯ ಒಂದು ಚಾಚಿನ ಮೇಲೆ, ಕೆಳಠಾಣೆ. ಒಂಬತ್ತು ದಿನದ ಹಿಂದೆ ಬಿರುಕಿನ ಗೋಡೆ ಕುಸಿದು ಠಾಣೆಯ ತೂಗುಸೇತುವೆಯನ್ನು ಎಳೆದುಕೊಂಡು ಹೋಗಿತ್ತು. ಅಲ್ಲಿ ಏಳು ಜನ ಸಿಕ್ಕಿಕೊಂಡಿದ್ದರು. ಸಂಜೆಗೊಮ್ಮೆ ಅವರು ದೀಪ ತೋರಿಸುತ್ತಿದ್ದರು, ತಲೆಗೊಂದು ಸಲ. ಸೇತುವೆಗಿಂತ ಹಳೆಯದಾದ ಇನ್ನೊಂದು ದಾರಿ ಇತ್ತು. ಅದರಲ್ಲಿ ಇಳಿದು ಬದುಕಿ ಬಂದವರಲ್ಲಿ ಈಗ ನೆಟ್ಟಗೆ ನಿಲ್ಲಬಲ್ಲವಳು ಅಕ್ಕ ಒಬ್ಬಳೇ. ನಿನ್ನೆಯೂ ಫಿಟ್ಟರಮ್ಮ ದಂಡೆಯ ಕಟಕಟೆಗೆ ಎದೆಯಾನಿಸಿ ನಿಂತು ದೀಪ ಎಣಿಸಿದ್ದಳು. ಏಳು. ಏಳನ್ನೂ ಎಣಿಸಿ, ಮನೆಗೆ ಬಂದು, ಕೈ ತೊಳೆದು, ಸ್ಪ್ಯಾನರ್ ತೆಗೆದುಕೊಂಡಿದ್ದಳು. ಇನ್ಯಾರಾದರೂ ಹೋಗುತ್ತಾರೆ ಎಂದು ಮನಸ್ಸಿಗೆ ಹೇಳಿದ್ದಳು. ಯಾರು ಎಂದು ಮನಸ್ಸು ಕೇಳಿದಾಗ ಸ್ಪ್ಯಾನರನ್ನು ತಿರುಪಿಗೆ ಹಚ್ಚಿದ್ದಳು.

"ರಾತ್ರಿ ನಿದ್ದೆ ಮಾಡ್ಲಿಲ್ವಾ? ಕಣ್ಣೆಲ್ಲ ಊದಿದೆ," ಅಂದಳು ಅಕ್ಕ, ಲೋಟದಲ್ಲಿ ಉಳಿದಷ್ಟು ಹಾಲನ್ನು ಊದಿಕೊಳ್ಳುತ್ತ.

"ಮಾಡಿದೆ."

"ಸುಳ್ಳು ಹೇಳೋವಾಗ ನೀನು ಒಂದೇ ಪದದಲ್ಲಿ ಮುಗಿಸ್ತೀಯ. ಚಿಕ್ಕವಳಿದ್ದಾಗಿಂದ." ಅಕ್ಕ ನಕ್ಕಳು. ಅವಳ ಎಡಗಣ್ಣು ಯಂತ್ರದ್ದು. ನಗುವಾಗ ಬಲಗಣ್ಣು ಕಿರಿದಾಗುತ್ತಿತ್ತು, ಎಡಗಣ್ಣು ಅಗಲವಾಗಿಯೇ ನೋಡುತ್ತಿತ್ತು. ಆ ಕಣ್ಣಿನ ಎದುರು ಫಿಟ್ಟರಮ್ಮನಿಗೆ ಎಂದೂ ಮುಜುಗರವಾಗಿರಲಿಲ್ಲ. ಇವತ್ತು ಆಯಿತು.

ತಪಾಸಣೆಯ ಅಂಗಳಕ್ಕೆ ನಡೆದು ಹೋಗುವಷ್ಟೇ ದೂರ. ದಾರಿಯಲ್ಲಿ ಕ್ಷೌರದವನು ಕತ್ತಿ ಹಿಡಿದ ಕೈಯಲ್ಲೇ ಅಕ್ಕನಿಗೆ ಸಲಾಮು ಹೊಡೆದ. ಗಲ್ಲಕ್ಕೆ ನೊರೆ ಬಳಿಸಿಕೊಂಡ ಗಿರಾಕಿಯೂ ಕುರ್ಚಿಯಿಂದ ಅರ್ಧ ಎದ್ದ. ಅಕ್ಕನ ಪಕ್ಕದಲ್ಲಿ ನಡೆಯುವಾಗ ಫಿಟ್ಟರಮ್ಮ ಯಾವಾಗಲೂ ಅರ್ಧ ಹೆಜ್ಜೆ ಹಿಂದಿರುತ್ತಿದ್ದಳು. ಗೌರವದಿಂದ ಎಂದು ಜನ ತಿಳಿದಿದ್ದರು. ಮೊಣಕಾಲುಗಳನ್ನು ಹಿಂದಿನಿಂದ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು, ತಾಯಿ ಮಗುವಿನ ನಡಿಗೆ ನೋಡುವ ಹಾಗೆ. ಈ ಜೋಡಿಯಲ್ಲಿ ಎಡಗಾಲನ್ನು ಬಿರುಕು ತಿಂದಿತ್ತು, ಅಕ್ಕನ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ. ಬಲಗಾಲನ್ನು ಅಕ್ಕನೇ ಕೊಟ್ಟಳು. ಚೆನ್ನಾಗಿದ್ದ ಕಾಲು. ಒಂದು ಕಬ್ಬಿಣ ಒಂದು ಮಾಂಸ, ಜೋಡಿ ಸರಿಯಿಲ್ಲ ಕಣೇ, ಒಂದು ನಡೆಯೋಣ ಅಂದ್ರೆ ಇನ್ನೊಂದು ಕೂರೋಣ ಅನ್ನುತ್ತೆ, ಎಂದು ನಗುನಗುತ್ತ ಬೆಂಚಿನ ಮೇಲೆ ಕಾಲು ಚಾಚಿ ಅಳತೆ ತಗೋ ಅಂದಿದ್ದಳು. ಫಿಟ್ಟರಮ್ಮ ಬೆಚ್ಚಗಿದ್ದ ಮೀನಖಂಡದ ಸುತ್ತ ಟೇಪು ಸುತ್ತಿದ್ದಳು. ಅಲ್ಲಿ ಎಳ್ಳಿನಷ್ಟು ಮಚ್ಚೆಯಿತ್ತು. ಟೇಪು ಸರಿಯಾಗಿ ಅದರ ಮೇಲೆಯೇ ಹಾದಿತ್ತು, ಅವಳು ಅಂಕಿ ಬರೆದುಕೊಂಡಿದ್ದಳು. ಬೇಡ ಅಕ್ಕ ಎನ್ನಬೇಕೆನ್ನಿಸಿತ್ತು. ನಿನ್ನಿಷ್ಟ ಅಕ್ಕ ಎಂದಿದ್ದಳು. ಅದಾದ ಮೇಲೆ ಪ್ರತಿ ಸಲ ಅಕ್ಕ ಹಗ್ಗ ಹೆಗಲಿಗೇರಿಸಿಕೊಂಡು ಹೋಗಿಬರಲಾ ಎಂದಾಗಲೂ ಅದನ್ನೇ ಹೇಳಿದ್ದಳು. ಹೇಳಿ ಒಳಗೆ ಬಂದು, ಯಾವುದಾದರೂ ಸ್ಪ್ರಿಂಗನ್ನು ಮತ್ತೆ ಮತ್ತೆ ಬಿಚ್ಚಿ ಕೂಡಿಸುತ್ತ ದಿನ ಕಳೆಯುತ್ತಿದ್ದಳು. ಮೂವತ್ತೆರಡು ವರ್ಷ ಹೀಗೆ ಒಂದು ಮಾತನ್ನು ನುಂಗಿದವಳ ಕೈ ನಿನ್ನೆ ತಾನಾಗಿಯೇ ಮಾತಾಡಿಬಿಟ್ಟಿತೇ? ಹಾಗೆಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಆದರೆ ಕೈ ತಾನಾಗಿ ಏನೂ ಮಾಡುವುದಿಲ್ಲ ಎಂದು ಕಬ್ಬಿಣದ ಕೈ ಮಾಡುವವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಅಕ್ಕನ ಜೊತೆ ಇಳಿಯಬೇಕಾದ ಇಬ್ಬರು, ತೋಳಿನವನು ಮತ್ತು ಅವನ ಹೆಂಡತಿ, ಹಗ್ಗದ ಸುರುಳಿಗಳ ಮೇಲೆ ಕೂತಿದ್ದರು. ಅವನಿಗೆ ಎರಡೂ ತೋಳು ಯಂತ್ರದವು. ಹೆಂಡತಿಯ ಬೆನ್ನುಮೂಳೆ ಉಕ್ಕಿನದು. ಗೋಡೆಯ ಬದಿಗೆ ಕೆಳಠಾಣೆಯವರ ಮನೆಮಂದಿ. ಅವರನ್ನು ನೋಡಬಾರದೆಂದುಕೊಂಡೇ ಫಿಟ್ಟರಮ್ಮ ನೋಡಿದಳು. ಒಬ್ಬ ಹೆಂಗಸು ಗಂಡನ ಉಣ್ಣೆಯ ಟೊಪ್ಪಿಗೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು, ಮೇಲೆ ಬಂದ ತಕ್ಷಣ ತಲೆಗೆ ಹಾಕಲು. ತಪಾಸಣೆಯ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಅವರ ಬಲಗಿವಿ ಯಂತ್ರದ್ದು, ಗೋಡೆಯಾಚೆ ಇರುವೆ ಕೆಮ್ಮಿದರೂ ಕೇಳಿಸುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು, ಆಡಿಕೊಂಡದ್ದೂ ಅವರಿಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಮೂಟೆಗಳನ್ನು ತೂಗುತ್ತ ನಿಂತವಳು ಫಿಟ್ಟರಮ್ಮನ ಹತ್ತಿರವೇ ಕೆಲಸ ಕಲಿತ ಶಿಷ್ಯೆ, ಈಗ ಎರಡು ಮಕ್ಕಳ ತಾಯಿ. ಗುರುವನ್ನು ಕಂಡು ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು.

ಮೂಟೆ ಅಕ್ಕನ ಬೆನ್ನಿಗೇರಿತು. ಹನ್ನೆರಡು ಮೆಟ್ಟಿಲಿನ ಕಬ್ಬಿಣದ ಏಣಿ. ಅಕ್ಕ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಯಾಕೋ ನಿಂತು, ತಲೆ ಹೊರಳಿಸಿ ತಂಗಿಯ ಕಡೆ ನೋಡಿದಳು. ಫಿಟ್ಟರಮ್ಮ ನೆಲ ನೋಡಿದಳು. ಅಂಗಳದ ಕಲ್ಲಿನ ಸಂದಿಯಲ್ಲಿ ಯಾರೋ ಬೀಳಿಸಿದ ಗುಂಡಿಯೊಂದು ಸಿಕ್ಕಿಕೊಂಡಿತ್ತು, ನಾಲ್ಕು ತೂತಿನ ಕಪ್ಪು ಗುಂಡಿ. ಅದನ್ನೇ ನೋಡುತ್ತ ಅವಳು ಎಣಿಸಿದಳು. ಐದು. ಆರು. ಈಗಲೂ ಕೂಗಬಹುದಿತ್ತು. ಏಳರಲ್ಲಿ ಆ ಸದ್ದು ಬಂತು, ಹಿಂದೆಯೇ ಲೋಹಕ್ಕೆ ಲೋಹ ಬಡಿದ ಸದ್ದು, ಮೂಟೆ ಬಿದ್ದ ಸದ್ದು. ತಲೆಯೆತ್ತಿದಾಗ ಅಕ್ಕ ಏಣಿಯ ಬುಡದಲ್ಲಿ ಕೈ, ಮೊಣಕಾಲು ಊರಿ ನಾಲ್ಕು ಕಾಲಿನ ಮೇಲೆ ಇದ್ದಳು. ಅವಳ ಗಲ್ಲ ಸೀಳಿತ್ತು. ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕಬ್ಬಿಣದವಳ ಮೈಯಲ್ಲಿ ರಕ್ತ ಉಳಿದಿರುವುದನ್ನು ಆಗಷ್ಟೇ ನೆನಪಿಸಿಕೊಂಡವರಂತೆ ಜನ ನೋಡಿದರು, ಆಮೇಲೆ ನಾಚಿಕೊಂಡು ಬೇರೆ ಕಡೆ ನೋಡಿದರು. ಹಾಗೆ ಬೇರೆ ಕಡೆ ನೋಡಿದ್ದೇ ಕೆಟ್ಟದಾಗಿತ್ತು. ಫಿಟ್ಟರಮ್ಮ ಲೆಕ್ಕ ಹಾಕಿದ್ದರಲ್ಲಿ ಸಾಹೇಬರ ತಲೆಯಾಟವಿತ್ತು, ಕಾಗದವಿತ್ತು. ಅಕ್ಕ ಅಷ್ಟು ಜನರ ಮುಂದೆ ನಾಲ್ಕು ಕಾಲಿನ ಮೇಲೆ ನಿಂತು ತನ್ನ ಗಲ್ಲವನ್ನು ತಾನೇ ಮುಟ್ಟಿ ನೋಡಿಕೊಳ್ಳುವುದು ಇರಲಿಲ್ಲ.

ಸಾಹೇಬರು ಎದ್ದು ಬಂದು ಬಗ್ಗಿ ಬಲಗಿವಿಯನ್ನು ಮೊಣಕಾಲಿನ ಹತ್ತಿರ ಹಿಡಿದರು. "ಇದು ಯಾರ ಕೆಲಸ?" ಎಂದು ಕೇಳಿದರು, ಗೊತ್ತಿದ್ದೂ. ಮುಚ್ಚಳದ ಮೇಲೆ ಫಿಟ್ಟರಮ್ಮನ ಮುದ್ರೆ, ಉಗುರಿನಷ್ಟು ದೊಡ್ಡ ಅರ್ಧಚಂದ್ರ, ಎದ್ದು ಕಾಣುತ್ತಿತ್ತು.

"ಮೊಣಕಾಲಿಗೆ ಏನೂ ಆಗಿಲ್ಲ ಸಾಹೇಬ್ರೆ," ಅಂದಳು ಅಕ್ಕ ಏಣಿ ಹಿಡಿದು ಏಳುತ್ತ. "ತಲೆ ಸುತ್ತು ಬಂತು. ವಯಸ್ಸಾಯ್ತಲ್ಲ. ಹಾಗೇ ಬರ್ಕೊಳ್ಳಿ."

"ಹಾಗೆ ಬರೆದ್ರೆ ನೀವು ಇನ್ಯಾವತ್ತೂ ಇಳಿಯೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು."

"ನನ್ನ ಕಿವಿ ಬೇರೆ ಏನೋ ಹೇಳ್ತಿದೆ."

"ಆ ಕಿವೀನೂ ಅವಳೇ ಕೂಡಿಸಿದ್ದು. ಅದನ್ನ ನಂಬೋದಾದ್ರೆ ಅವಳ ಕೆಲಸಾನೂ ನಂಬಿ."

ಯಾರೋ ನಕ್ಕರು. ಅಕ್ಕನೂ ನಕ್ಕಳು, ಗಲ್ಲದ ಗಾಯಕ್ಕೆ ಅಂಗೈ ಒತ್ತಿಕೊಂಡು. ಫಿಟ್ಟರಮ್ಮನಿಗೆ ಬೇಕಾದದ್ದು ಈಗ ಅವಳ ಕೈಗೆ ಬಂದಿತ್ತು, ಕೇಳಿದ್ದಕ್ಕಿಂತ ಹೆಚ್ಚಾಗಿಯೇ: ಈ ಸಲ ಮಾತ್ರವಲ್ಲ, ಎಂದೆಂದಿಗೂ ಅಕ್ಕ ಮನೆಯಲ್ಲಿರುತ್ತಾಳೆ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಚಿಕ್ಕಂದಿನಲ್ಲಿ ತಾನು ಒಡೆದ ಕನ್ನಡಿಗೆ ಅಕ್ಕ ಬೈಸಿಕೊಂಡದ್ದು, ತಾನು ಬಾಗಿಲ ಹಿಂದೆ ನಿಂತು ಬೆರಳು ಕಚ್ಚುತ್ತ ಕೇಳಿಸಿಕೊಂಡದ್ದು, ಬೈಗುಳ ಮುಗಿದ ಮೇಲೆ ಅಕ್ಕ ಬಂದು ಅತ್ತವಳನ್ನೇ ಸಮಾಧಾನ ಮಾಡಿದ್ದು ನೆನಪಾಯಿತು. ಆಗ ತನಗೆ ಆರು ವರ್ಷ. ಗೋಡೆಯ ಬದಿಯ ಹೆಂಗಸು ಟೊಪ್ಪಿಗೆಯನ್ನು ಕಂಕುಳಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಏನಾಯಿತು, ಯಾರು ಹೋಗುತ್ತಾರೆ ಈಗ, ಎಂದು ಪಕ್ಕದವರನ್ನು ಮೆಲ್ಲಗೆ ಕೇಳುತ್ತಿದ್ದಳು.

"ಸಡಿಲ ಮಾಡಿದ್ದು ನಾನು," ಅಂದಳು ಫಿಟ್ಟರಮ್ಮ.

ದನಿ ಹೊರಗೆ ಬಂತೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಂದು ಸಲ ಹೇಳಿದಳು. "ತಡೆತಿರುಪು. ನಿನ್ನೆ ಸಂಜೆ, ಬೇಕು ಅಂತಲೇ ಸಡಿಲ ಮಾಡಿದೆ. ಅವಳು ಹೋಗಬಾರದು ಅಂತ."

ಶಿಷ್ಯೆಯ ಕೈಯಲ್ಲಿದ್ದ ತೂಕದ ಕಲ್ಲು ತಟ್ಟೆಯ ಮೇಲೆ ಠಣ್ಣೆಂದಿತು. ಸಾಹೇಬರು ಅವಳ ಕಡೆ ಕೈ ಚಾಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಮುದ್ರೆ ಕೊಡಿ," ಅಂದರು. ಅವಳು ಕೊರಳಲ್ಲಿ ದಾರ ಕಟ್ಟಿ ತೂಗುಹಾಕಿಕೊಂಡಿದ್ದ ಮುದ್ರೆಯನ್ನು ತಲೆಯ ಮೇಲಿಂದ ತೆಗೆಯಲು ಹೋದಳು; ದಾರ ಜಡೆಗೆ ಸಿಕ್ಕಿಕೊಂಡಿತು. ಅಷ್ಟು ಜನರ ಮುಂದೆ ಅದನ್ನು ಬಿಡಿಸಿಕೊಳ್ಳಲು ಆಗದೆ ಅವಳು ತಡವರಿಸುತ್ತಿದ್ದಾಗ ಶಿಷ್ಯೆ ಬಂದು ಹಿಂದೆ ನಿಂತು ಬಿಡಿಸಿಕೊಟ್ಟಳು, ಮಗಳು ತಾಯಿಯ ಕೂದಲ ಸಿಕ್ಕು ಬಿಡಿಸುವ ಹಾಗೆ. "ಇನ್ನು ನೀವು ಯಾರ ಅಂಗಕ್ಕೂ ಮುದ್ರೆ ಒತ್ತೋ ಹಾಗಿಲ್ಲ. ಬೇಕಾದ್ರೆ ಇವಳ ಕೈಕೆಳಗೆ ಕೆಲಸ ಮಾಡಬಹುದು," ಎಂದರು ಸಾಹೇಬರು ಶಿಷ್ಯೆಯ ಕಡೆ ತೋರಿಸಿ. "ಮೊಣಕಾಲನ್ನ ಇವಳು ಸರಿಮಾಡಲಿ. ಮಧ್ಯಾಹ್ನ ಇನ್ನೊಂದು ಸಲ ಹತ್ತಿಸಿ ನೋಡ್ತೀನಿ."

"ತಂಗಿ ಕೈ ಬಿಟ್ಟು ಇನ್ನೊಂದು ಕೈ ನನ್ನ ಮೊಣಕಾಲೊಳಗೆ ಹೋಗಲ್ಲ," ಅಂದಳು ಅಕ್ಕ. "ಅವಳ ಶಿಷ್ಯೆ ಬೇಕಾದ್ರೆ ಪಕ್ಕದಲ್ಲಿ ನಿಂತು ನೋಡ್ಲಿ."

ಫಿಟ್ಟರಮ್ಮನ ಕಾರ್ಖಾನೆಯ ಬೆಂಚಿನ ಮೇಲೆ ಅಕ್ಕ ಕಾಲು ಚಾಚಿ ಕೂತಳು. ಶಿಷ್ಯೆ ಬಾಗಿಲ ಹತ್ತಿರವೇ ಹಿಂದೆ ನಿಂತು, ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿರುವಂತೆ ಅತ್ತ ನೋಡತೊಡಗಿದಳು. ಫಿಟ್ಟರಮ್ಮ ಮೊದಲು ಗಲ್ಲದ ಗಾಯ ತೊಳೆದು ಪಟ್ಟಿ ಅಂಟಿಸಿದಳು, ಆಮೇಲೆ ಮುಚ್ಚಳ ತೆಗೆದಳು. 

"ಎಷ್ಟು ಬಿಟ್ಟಿದ್ದೆ?"

"ಕಾಲು ಸುತ್ತು."

"ಕಾಲಿಗೆ ಕಾಲು ಸುತ್ತೇನೇ? ಅರ್ಧ ಸುತ್ತಾದ್ರೂ ಬಿಡಬಾರ್ದಿತ್ತಾ, ಜಿಪುಣಿ." ಅಕ್ಕನ ಹೊಟ್ಟೆ ನಗುವಿನಿಂದ ಕುಲುಕಿತು. "ಮನೇಲಿ ಮೂರನೇ ಮೆಟ್ಟಿಲು ಇಳಿಯೋ ಹೊತ್ತಿಗೇ ಗೊತ್ತಾಯ್ತು."

ಫಿಟ್ಟರಮ್ಮನ ಕೈ ನಿಂತಿತು. "ಗೊತ್ತಿದ್ದೂ ಹತ್ತಿದೆಯಾ?"

"ನೀನು ತಡೀತೀಯೇನೋ ಅಂತ ಹತ್ತಿದೆ. ಒಂದೊಂದು ಮೆಟ್ಟಿಲಲ್ಲೂ ಈಗ ಕೂಗ್ತಾಳೆ, ಈಗ ಕೂಗ್ತಾಳೆ ಅಂದ್ಕೊಂಡೆ. ನೀನು ನೆಲದಲ್ಲಿ ಏನೋ ಹುಡುಕ್ತಾ ಇದ್ದೆ." ಗಲ್ಲದ ಪಟ್ಟಿಯನ್ನು ಒತ್ತಿಕೊಂಡು ಅಕ್ಕ ಹೇಳಿದಳು, "ಇಷ್ಟು ವರ್ಷ ನಿನ್ನಿಷ್ಟ, ನಿನ್ನಿಷ್ಟ. ನಿನಗೆ ನನ್ನ ಮೇಲೆ ಬೇಜಾರೇನೋ, ಹೋದ್ರೆ ಹೋಗ್ಲಿ ಅನ್ನಿಸುತ್ತೇನೋ ಅಂತ ನಾನೂ ಯೋಚನೆ ಮಾಡಿದ್ದಿದೆ. ತಿರುಪಿನ ಕೈಲಿ ಹೇಳಿಸ್ಬೇಡ ಪುಟ್ಟಿ. ಬಾಯಿಬಿಟ್ಟು ಕೇಳು."

ಕೇಳುವುದು ಅಷ್ಟು ಸುಲಭವಾಗಿರಲಿಲ್ಲ. ಮೂವತ್ತೆರಡು ವರ್ಷ ಒಳಗಿದ್ದ ಮಾತು ಎಲ್ಲೋ ತುಕ್ಕು ಹಿಡಿದು ಕೂತಿತ್ತು. ಮೊಣಕಾಲಿನ ತೆರೆದ ಗೂಡನ್ನು, ತಾನೇ ಕಡೆದ ಹಲ್ಲುಗಳನ್ನು, ಎಣ್ಣೆಯ ತೆಳು ಹೊಳಪನ್ನು ನೋಡುತ್ತ ಅವಳು ಹೇಳಿದಳು: "ಹೋಗಬೇಡ ಅಕ್ಕ."

"ಹೋಗ್ತೀನಿ," ಅಂದಳು ಅಕ್ಕ, ಅವಳ ತಲೆಯ ಮೇಲೆ ಕೈಯಿಟ್ಟು. "ಏಳು ಜನ ಇದ್ದಾರೆ. ಹೋಗ್ಲೇಬೇಕು. ಆದ್ರೆ ಹೇಳಿದೆಯಲ್ಲ, ಒಳ್ಳೇದಾಯ್ತು."

ವಿಚಿತ್ರವೆಂದರೆ, ಇಲ್ಲವೆನ್ನಿಸಿಕೊಂಡ ಮೇಲೆ ಫಿಟ್ಟರಮ್ಮನ ಎದೆ ಹಗುರವಾಯಿತು. ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದಳು, ಬೆರಳಿನಿಂದ ತಟ್ಟಿ ನೋಡಿದಳು, ಮುಚ್ಚಳ ಹಾಕಿದಳು. ಶಿಷ್ಯೆ ಬಂದು ಅರ್ಧಚಂದ್ರದ ಪಕ್ಕದಲ್ಲಿ ತನ್ನ ಮುದ್ರೆ ಹಿಡಿದು, ಸುತ್ತಿಗೆ ಎತ್ತಿ, ಹೊಡೆಯಲಾಗದೆ ನಿಂತಳು. "ಅಮ್ಮಾ, ಎಲ್ಲಿ ಒತ್ತಲಿ, ನೀವೇ ಹೇಳಿ," ಅಂದಳು. "ನನ್ನದರ ಮೇಲೇ ಒತ್ತು. ಒಂದೇ ಏಟು, ಇಲ್ಲದಿದ್ರೆ ಎರಡು ನೆರಳು ಬೀಳುತ್ತೆ," ಎಂದು ಫಿಟ್ಟರಮ್ಮ ಕಲಿಸಿಕೊಟ್ಟಳು. ಮಧ್ಯಾಹ್ನ ಅಕ್ಕ ಹನ್ನೆರಡು ಮೆಟ್ಟಿಲು ಹತ್ತಿ ಇಳಿದಳು. ಬಿಸಿಲು ಬಾಗುವ ಮೊದಲೇ ಮೂವರೂ ಮೊದಲ ತಿರುವು ದಾಟಿದ್ದರು.

ಆಮೇಲಿನ ಎಂಟು ದಿನ ಫಿಟ್ಟರಮ್ಮ ಶಿಷ್ಯೆಯ ಕೈಕೆಳಗೆ ಅರದಿಂದ ಕಬ್ಬಿಣ ಉಜ್ಜುವ ಕೆಲಸ ಮಾಡಿದಳು. ಗಿರಾಕಿಗಳು ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಒಬ್ಬ ಮುದುಕ ತನ್ನ ಕೈಯನ್ನು ಅವಳಿಂದ ಮುಟ್ಟಿಸಬೇಡಿ ಎಂದು ಎದುರಿಗೇ ಹೇಳಿದ. ಹದಿನೈದು ವರ್ಷ ಆ ಕೈ ನೋಡಿಕೊಂಡವಳು ಅವಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಸಂಜೆ ದಂಡೆಗೆ ಹೋಗಿ ನಿಂತರೆ ಟೊಪ್ಪಿಗೆಯ ಹೆಂಗಸು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮೂರು ಸಂಜೆ ಏಳು ದೀಪ. ನಾಲ್ಕನೆಯ ಸಂಜೆ ಕತ್ತಲೆ. ಠಾಣೆ ಬಿಟ್ಟು ಹೊರಟಿದ್ದಾರೆ ಎಂದು ತಿಳಿದವರು ಹೇಳಿದರು. ಒಂಬತ್ತನೆಯ ದಿನ ಬೆಳಿಗ್ಗೆ ಹಗ್ಗಗಳು ಬಿಗಿಯಾದವು. ಆರು ಜನ ಮೇಲೆ ಬಂದರು, ಹಿಂದೆ ತೋಳಿನವನು, ಅವನ ಹೆಂಡತಿ, ಕಟ್ಟಕಡೆಗೆ ಅಕ್ಕ. ಟೊಪ್ಪಿಗೆಯ ಹೆಂಗಸು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಎರಡನೆಯ ಸಲವೂ ನೋಡಿದಳು.

ಆ ಮಧ್ಯಾಹ್ನ ಮನೆಯ ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಚಾಪೆ ಹಾಸಿ ಫಿಟ್ಟರಮ್ಮ ಅಕ್ಕನ ಎರಡೂ ಕಾಲು ಕಳಚಿಟ್ಟಳು. ಕಾಲಿಲ್ಲದ ಅಕ್ಕ ಚಿಕ್ಕವಳಂತೆ ಕಾಣುತ್ತಿದ್ದಳು, ಎತ್ತಿ ಒಳಗೆ ಮಲಗಿಸಬಹುದಾದಷ್ಟು. ತಲೆಯನ್ನು ಮಡಿಲಿಗೆ ತೆಗೆದುಕೊಂಡು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಕೂದಲಿನಲ್ಲಿ ಮೆತ್ತಿದ್ದ ಕಲ್ಲಿನ ಪುಡಿಯನ್ನು ಎಳೆಎಳೆಯಾಗಿ ತೊಳೆಯತೊಡಗಿದಳು.

"ಏಳನೆಯವನು ಕೊನೇ ಕಡಿದಾದ ಜಾಗದಲ್ಲಿ ಜಾರಿದ," ಅಂದಳು ಅಕ್ಕ, ಕೇಳದೆಯೇ. "ಕೆಳಗೆ ಒಂದು ಚಾಚಿನ ಮೇಲೆ ಬಿದ್ದ. ಅಲ್ಲಾಡ್ಲಿಲ್ಲ."

"ಉಸಿರಿತ್ತಾ?"

"ಇರ್ಲಿಲ್ಲ ಅಂತ ಕಾಣುತ್ತೆ."

"ಕಾಣುತ್ತೆ ಅಂದ್ರೆ?"

ಅಕ್ಕ ಬಲಗಣ್ಣು ಮುಚ್ಚಿದಳು. ಎಡಗಣ್ಣು ಆಕಾಶ ನೋಡುತ್ತಿತ್ತು. "ಈ ಕಣ್ಣಿಗೆ ಕತ್ತಲೇಲಿ ಬಿಸಿ ಕಾಣುತ್ತೆ ಅಲ್ವಾ? ಅವನಲ್ಲಿ ಸ್ವಲ್ಪ ಬಿಸಿ ಇತ್ತು. ಸತ್ತವರಲ್ಲೂ ಸ್ವಲ್ಪ ಹೊತ್ತು ಇರುತ್ತೆ. ಹಗ್ಗ ತಲುಪ್ತಿರ್ಲಿಲ್ಲ, ಬಿಚ್ಚಿಕೊಂಡು ಇಳೀಬೇಕಿತ್ತು. ಮುಂಚೆ ಆಗಿದ್ರೆ ಇಳೀತಿದ್ದೆ. ಕಾಲು ಮುಂದಿಟ್ಟೆ ಕೂಡ. ನೀನು ಹೋಗಬೇಡ ಅಂದಿದ್ದು ಕಿವೀಲಿತ್ತು. ಹಿಂದಕ್ಕೆ ತಗೊಂಡೆ."

ಫಿಟ್ಟರಮ್ಮನಿಗೆ ಮೊದಲು ಆದದ್ದು ಸಂತೋಷ. ಅದು ಎಷ್ಟು ಜೋರಾಗಿ ಬಂತೆಂದರೆ ಅವಳಿಗೆ ಹೆದರಿಕೆಯಾಯಿತು. ಮಡಿಲಲ್ಲಿದ್ದ ತಲೆಯ ಭಾರ, ಕಿವಿಯ ಹಿಂದಿನ ಬೆಚ್ಚಗಿನ ಗುಂಡಿ, ಗಲ್ಲದ ಮೇಲೆ ಒಣಗುತ್ತಿದ್ದ ಗಾಯ, ಎಲ್ಲವೂ ಇಲ್ಲಿವೆ, ತನ್ನ ಕೈಯಲ್ಲಿವೆ. ಆಮೇಲೆ ನಿಧಾನವಾಗಿ ಆ ಚಾಚು ಕಣ್ಣ ಮುಂದೆ ಬಂತು, ಅದರ ಮೇಲೆ ಆರುತ್ತಿದ್ದ ಅಷ್ಟು ಬಿಸಿ, ದಂಡೆಯಲ್ಲಿ ತನ್ನ ಪಕ್ಕ ನಿಂತವಳ ಉಸಿರು. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮತ್ತೆ ಅದೇ ಬೆಂಚು, ಅದೇ ಮಾತು ಬಂದರೆ ಹೇಳದೆ ಇರುತ್ತೀಯಾ ಎಂದು ತನ್ನನ್ನೇ ಕೇಳಿಕೊಂಡಳು. ಹೇಳುತ್ತೇನೆ ಎಂದು ತಿಳಿದಾಗ ತಲೆ ತಗ್ಗಿಸಿ ಬಟ್ಟೆ ಹಿಂಡಿದಳು.

"ನಾಳೆ ಅವನ ಮನೆಗೆ ಹೋಗಿ ಹೇಳಬೇಕು," ಅಂದಳು ಅಕ್ಕ. "ಬಿಸಿ ಇತ್ತು ಅನ್ನೋದನ್ನೂ."

"ನಾನೂ ಬರ್ತೀನಿ."

"ನೀನ್ಯಾಕೆ?"

"ಬರ್ತೀನಿ. ನನ್ನ ಮಾತೂ ಇತ್ತಲ್ಲ ಅದರಲ್ಲಿ."

ಅಕ್ಕ ಏನೋ ಹೇಳಲು ತುಟಿ ತೆರೆದು, ತೆರೆದ ಹಾಗೆಯೇ ನಿದ್ದೆಗೆ ಜಾರಿದಳು. ಫಿಟ್ಟರಮ್ಮ ಸೆರಗಿನ ತುದಿಯನ್ನು ಆ ಮುಚ್ಚದ ಕಣ್ಣಿನ ಮೇಲೆ ಬಿಸಿಲು ಬೀಳದಂತೆ ಎಳೆದು ಹಿಡಿದಳು. ಕೂದಲು ಇನ್ನೂ ಅರ್ಧ ತೊಳೆಯುವುದಿತ್ತು. ನೀರು ತಣ್ಣಗಾಗುತ್ತಿತ್ತು. ಎದ್ದರೆ ಅಕ್ಕನಿಗೆ ಎಚ್ಚರವಾಗುತ್ತದೆಂದು ಅವಳು ಹಾಗೆಯೇ ಕೂತಿದ್ದಳು, ತೊಡೆ ಮರಗಟ್ಟುವ ತನಕ.